ಹಕ್ಕಿ ಆಫೀಸಿನ ಮುಯ್ಯಿ

ಇಲಾಖೆಗೆ ಹೊಸದಾಗಿ ಸೇರಿದವರು ಯಾರಾದರೂ ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು ಹುಲಿಯ ಕಥೆ. ಮೂವತ್ತೊಂದು ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದವನ ಹತ್ತಿರ ಹುಲಿಯ ಕಥೆ ಇರಲೇಬೇಕು ಎಂದು ಅವರ ನಂಬಿಕೆ. ನಾನು ಹುಲಿ ನೋಡಿದ್ದು ಒಂದೇ ಸಲ, ಕೆಮ್ಮಣ್ಣುಗುಂಡಿಯ ರಸ್ತೆಯಲ್ಲಿ, ಅದೂ ಹಿಂಭಾಗ ಮಾತ್ರ. ಗಂಧದ ಕಳ್ಳರನ್ನು ಹಿಡಿದ ಕಥೆ ಹೇಳುವವರು ಬೇರೆ ಇದ್ದಾರೆ. ಅವರಲ್ಲಿ ಅರ್ಧ ಜನ ಯಾರನ್ನೂ ಹಿಡಿದವರಲ್ಲ, ನನಗೆ ಗೊತ್ತು. ನನ್ನ ಹತ್ತಿರ ಇರುವುದು ಒಂದು ಕೆರೆಯ ಕಥೆ, ಅದರ ಏರಿಯ ಕೆಳಗಿದ್ದ ಒಂದು ಕೋಣೆಯ ಕಥೆ, ಚಾಪೆ ಹೆಣೆಯುವ ಒಬ್ಬ ಹೆಂಗಸಿನ ಕಥೆ. ಈ ಕೆಲಸ ಏನೆಂದು ನನಗೆ ತಿಳಿದದ್ದು ಅಲ್ಲಿ. ಒಂದು ದೊಡ್ಡ ತಪ್ಪು ಮಾಡಿದ ಮೇಲೆ ತಿಳಿಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ತರೀಕೆರೆ ಕಡೆಯ ಕಾಡಿನಲ್ಲಿದ್ದ ನನ್ನನ್ನು ಅಜ್ಜಂಪುರಕ್ಕೂ ಕಡೂರಿಗೂ ನಡುವಿನ ಒಂದು ಊರಿನ ಹಿರೇಕೆರೆಗೆ ಹಾಕಿದರು. ಕೆರೆಯ ಒಳಗೆ ಹಳೆಯ ಕರಿಜಾಲಿ ಮರಗಳ ಒಂದು ಗುಂಪು. ಬುಡಕ್ಕೆ ನೀರು, ತಲೆಯ ತುಂಬ ಗೂಡು. ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ, ಎಲ್ಲ ಸೇರಿ ಒಂದು ಸಂತೆ. ಇದನ್ನು ಜನ ಬಂದು ನೋಡಲಿ, ಶಾಲೆಯ ಮಕ್ಕಳು ಕಲಿಯಲಿ ಎಂದು ಇಲಾಖೆ ಅಲ್ಲೊಂದು ಪಕ್ಷಿ ವೀಕ್ಷಣಾ ಕೇಂದ್ರ ಮಾಡಿತ್ತು. ಕೇಂದ್ರ ಎಂದರೆ ಹೆಂಚಿನ ಒಂದು ಕೋಣೆ, ಮರದ ಒಂದು ಅಟ್ಟಣೆ, ಗೋಡೆಗೆ ನೇತು ಹಾಕಿದ ಒಂದು ಇಂಗ್ಲಿಷ್ ಚಾರ್ಟು, ಒಂದು ದುರ್ಬೀನು, ಮತ್ತು ನಾನು. ದುರ್ಬೀನಿನ ಎಡಗಣ್ಣಿಗೆ ಬೂಷ್ಟು ಹಿಡಿದಿತ್ತು. ಊರಿನವರು ಇದನ್ನು ‘ಹಕ್ಕಿ ಆಫೀಸು’ ಎಂದು ಕರೆಯುತ್ತಿದ್ದರು. ನನ್ನ ಜೊತೆಯ ಗಾರ್ಡುಗಳು ನನ್ನನ್ನು ‘ಕೊಕ್ಕರೆ ರುದ್ರಪ್ಪ’ ಎಂದು ಕರೆಯಲು ಶುರುಮಾಡಿದರು. ಕಾಡಿನಿಂದ ಕೆರೆಗೆ ಬಿದ್ದವನಿಗೆ ಅದು ಸ್ವಲ್ಪ ನಾಟಿತು.

ಮೊದಲ ತಿಂಗಳು ಆಫೀಸಿಗೆ ಬಂದವರೆಲ್ಲ ಊರಿನವರೇ. ಹಕ್ಕಿ ನೋಡಲು ಯಾರೂ ಬರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ಹಕ್ಕಿಯನ್ನು ಅಟ್ಟಣೆ ಹತ್ತಿ ಏಕೆ ನೋಡಬೇಕು? ಅವರು ಬಂದದ್ದು ದುರ್ಬೀನಿಗಾಗಿ. ಒಬ್ಬ ಅಜ್ಜ ಅದನ್ನು ಆಚೆ ದಡದ ತನ್ನ ಹೊಲದ ಕಡೆ ತಿರುಗಿಸಿ, ತನ್ನ ಎತ್ತು ಪಕ್ಕದವರ ಜೋಳಕ್ಕೆ ಬಾಯಿ ಹಾಕಿದ್ದನ್ನು ಕಂಡು, ಪಕ್ಕದವರು ನೋಡಿಲ್ಲವೆಂದು ಖಾತ್ರಿ ಮಾಡಿಕೊಂಡು ಸಮಾಧಾನದಿಂದ ಇಳಿದುಹೋದ. ಒಬ್ಬ ಅತ್ತೆ ಊರಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ‘ಏನು ಕಾಣ್ತದಮ್ಮ’ ಎಂದು ಕೇಳಿದೆ. ‘ನಮ್ಮ ಜಗುಲಿ ಮೇಲೆ ಯಾರೋ ಕುಂತವ್ರೆ ಕಣಪ್ಪ. ನಾನು ಈಚೆಗೆ ಬರೋದೇ ಕಾಯ್ತಿದ್ಲು ನನ್ ಸೊಸೆ’ ಎಂದಳು. ನಾನು ಬೇಡವೆನ್ನಲಿಲ್ಲ. ಹೀಗೇ ಬರುತ್ತ ಬರುತ್ತ ಅವರು ನನಗೆ ಕೆರೆಯನ್ನು ಕಲಿಸಿದರು.

ಕಲಿಸಬೇಕಾದ ಅಗತ್ಯವೂ ಇತ್ತು. ಅಜ್ಜಂಪುರದಿಂದ ಶಾಲೆಯ ಮಕ್ಕಳು ಮೊದಲ ಸಲ ಬಂದಾಗ, ಕೊಕ್ಕು ಪೂರ್ತಿ ಮುಚ್ಚದೆ ನಡುವೆ ಸಂದು ಬಿಟ್ಟುಕೊಂಡ ಒಂದು ಕೊಕ್ಕರೆಯನ್ನು ತೋರಿಸಿ ‘ಪಾಪ, ಇದಕ್ಕೆ ಎಲ್ಲೋ ಪೆಟ್ಟಾಗಿದೆ’ ಎಂದು ವಿವರಿಸಿದೆ. ಮಕ್ಕಳು ಮರುಗಿದರು. ಆಮೇಲೆ ಅದೇ ಥರದ್ದು ಇನ್ನೊಂದು ಬಂತು, ಮತ್ತೊಂದು ಬಂತು. ಹಿಂದೆ ನಿಂತಿದ್ದ ತಿಮ್ಮಯ್ಯ ಕೆಮ್ಮಿದ. ತಿಮ್ಮಯ್ಯ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಅವನ ಮನೆತನದ್ದು. ‘ಸಾಮಿ, ಅದರ ಜಾತೀನೇ ಹಂಗೆ. ಬಸವನಹುಳ ಹಿಡಿಯಕ್ಕೆ ಆ ಸಂದು ಬೇಕು’ ಎಂದ. ಮೇಷ್ಟರು ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಸಾಹೇಬರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಓದುವಾಗ ಬೇರೆ ಅನ್ನಿಸಬಹುದು. ಹಕ್ಕಿಗಳೆಂದರೆ ಅವರಿಗೆ ನಿಜವಾದ ಪ್ರೀತಿ. ಜೀಪಿನಲ್ಲಿ ಬಂದು, ಪಾಲಿಶ್ ಹಾಕಿದ ಬೂಟಿನಲ್ಲೇ ಏರಿಯ ಮೇಲೆ ಎರಡು ಗಂಟೆ ನಿಂತು ನೋಡುತ್ತಿದ್ದರು. ಒಂದು ದಿನ ಅವರ ಕಣ್ಣಿಗೆ ಚಾಪೆ ಸಣ್ಣಮ್ಮ ಬಿದ್ದಳು. ಸೊಂಟದ ಮಟ್ಟದ ನೀರಿನಲ್ಲಿ, ಜಾಲಿಮರಗಳ ಬುಡದ ಹತ್ತಿರವೇ ನಿಂತು ಜೊಂಡು ಕೊಯ್ಯುತ್ತಿದ್ದಳು. ಕೆರೆಯಲ್ಲಿ ಆಳುದ್ದ ಬೆಳೆಯುವ ಆ ಹುಲ್ಲಿನಿಂದಲೇ ಅವಳು ಚಾಪೆ ಹೆಣೆದು ಕಡೂರಿನ ಸಂತೆಗೆ ಒಯ್ಯುತ್ತಿದ್ದದ್ದು. ಗಂಡ ಇಲ್ಲ, ಹೊಲ ಇಲ್ಲ, ಇರುವುದು ಒಬ್ಬ ಹುಡುಗ. ಜೊಂಡೇ ಅವಳ ಹೊಲ.

‘ಗೂಡಿನ ಕೆಳಗೇ ಕೊಯ್ಲು ನಡೀತಿದೆಯಲ್ಲ ರುದ್ರಪ್ಪ, ಹಕ್ಕಿ ಉಳಿಯುತ್ತವೇನ್ರಿ?’ ಎಂದರು ಸಾಹೇಬರು. ವಾರದಲ್ಲಿ ಆರ್ಡರ್ ಬಂತು. ಜೊಂಡು ಕೊಯ್ಯಕೂಡದು, ಕೊಯ್ದರೆ ಕುಡುಗೋಲು ಜಪ್ತಿ.

ನಾನು ಆರ್ಡರ್ ಓದಿ ಖುಷಿಪಟ್ಟೆ. ಕಾಡಿನಿಂದ ಬಂದ ಮೇಲೆ ಮೊದಲ ಸಲ ನನ್ನ ಖಾಕಿಗೆ ಕೆಲಸ ಸಿಕ್ಕಿತ್ತು. ಮಾರನೆಯ ಬೆಳಿಗ್ಗೆಯೇ ಹೋಗಿ ಸಣ್ಣಮ್ಮನ ಕೈಯಿಂದ ಕುಡುಗೋಲು ಕಿತ್ತುಕೊಂಡೆ. ಅವಳು ಕೂಗಾಡಲಿಲ್ಲ. ಒದ್ದೆ ಸೀರೆ ಹಿಂಡುತ್ತ ಇಷ್ಟೇ ಹೇಳಿದಳು: ‘ತಗೊಂಡೋಗಪ್ಪ. ತಲೆ ಕೂದ್ಲ ಕತ್ತರಿಸ್ದೆ ಬಿಟ್ರೆ ಹೇನು ಬೀಳ್ತದೆ. ಕೆರೆಗೂ ಅಷ್ಟೇಯ.’ ನಾನು ಕುಡುಗೋಲನ್ನು ತಂದು ಆಫೀಸಿನ ಗೋಡೆಯ ಮೊಳೆಗೆ ತೂಗುಹಾಕಿದೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಆ ಎರಡು ವರ್ಷ ಕಳೆ ಕೀಳಲು ಕೂಲಿಗೆ ಹೋದಳು, ಈಚಲು ಗರಿ ತಂದು ಪೊರಕೆ ಕಟ್ಟಿದಳು. ಏರಿಯ ಮೇಲೆ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡು ಮಳೆಗಾಲ ಕಳೆಯಿತು. ಜೊಂಡು ಹಬ್ಬಿತು. ಮೊದಲು ಬಯಲು ನೀರಿದ್ದ ಕಡೆಯೆಲ್ಲ ಹಸಿರು ಮೆತ್ತೆ. ಬಾತುಗಳು ಬರುವುದನ್ನು ಬಿಟ್ಟವು. ನಾಮದಕೋಳಿ ಕಡಿಮೆಯಾಯಿತು. ನಾನು ವರದಿಯಲ್ಲಿ ‘ಕೆರೆ ಸಮೃದ್ಧವಾಗಿದೆ’ ಎಂದು ಬರೆದೆ, ಹಸಿರು ಕಂಡರೆ ಸಮೃದ್ಧಿ ಎಂದು ಕಾಡಿನಲ್ಲಿ ಕಲಿತಿದ್ದೆನಲ್ಲ. ಮೂರನೆಯ ಬೇಸಿಗೆಯಲ್ಲಿ, ಮರದ ತುಂಬ ಮರಿಗಳಿರುವಾಗ, ಗದ್ದೆಗೆ ನೀರು ಬಿಟ್ಟು ಕೆರೆ ತಗ್ಗಿತು. ಒಂದು ಬೆಳಿಗ್ಗೆ ಅಟ್ಟಣೆಯಿಂದ ನೋಡಿದರೆ ದಡದ ಕಡೆಯ ಜಾಲಿಮರದಲ್ಲಿ ಗೂಡುಗಳು ಖಾಲಿ. ದುರ್ಬೀನಿನ ಒಳ್ಳೆ ಕಣ್ಣಿನಲ್ಲಿ ನೋಡಿದೆ. ಮೆತ್ತೆಯಾಗಿ ಬಿದ್ದ ಒಣ ಜೊಂಡಿನ ಮೇಲೆ, ಕಾಲು ಒದ್ದೆಯಾಗದ ಹಾಗೆ, ಒಂದು ಕಾಡುಬೆಕ್ಕು ಬಾಯಲ್ಲಿ ಮರಿ ಕಚ್ಚಿಕೊಂಡು ದಡಕ್ಕೆ ನಡೆದು ಬರುತ್ತಿತ್ತು. ಮಾರನೆಯ ದಿನ ಊರ ನಾಯಿಗಳೂ ಆ ದಾರಿ ಕಲಿತವು.

ತಿಮ್ಮಯ್ಯನ ಹತ್ತಿರ ಓಡಿದೆ. ತೂಬು ಮುಚ್ಚು, ಹದಿನೈದು ದಿನ ನೀರು ನಿಲ್ಲಿಸು, ಮರಿ ಹಾರಲಿ ಎಂದೆ.

‘ಭತ್ತ ಹೊಡೆ ಬಿಚ್ಚಿ ತೆನೆ ಬರೋ ಹೊತ್ತು ಸಾಮಿ. ಈಗ ನೀರು ನಿಲ್ಸಿದ್ರೆ ಜೊಳ್ಳಾಗೋಯ್ತದೆ. ಹಕ್ಕಿ ಮರಿ ಹೊಟ್ಟೆ ನೀವು ನೋಡ್ತೀರಿ, ನಮ್ಮ ಮಕ್ಕಳ ಹೊಟ್ಟೆ ಯಾರು ನೋಡ್ತಾರೆ?’ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೋಗದೆ ನಿಂತೇ ಇದ್ದುದನ್ನು ನೋಡಿ ಮೆಲ್ಲಗೆ ಹೇಳಿದ: ‘ಮುಂಚೇನೂ ನೀರು ತಗ್ತಿತ್ತು. ಆವಾಗ ಬೆಕ್ಕು ಯಾಕೆ ಹೋಗ್ತಿರಲಿಲ್ಲ? ಸಣ್ಣಮ್ಮನ್ನ ಕೇಳಿ.’

ಕೇಳಲು ಹೋಗುವುದು ಸುಲಭವಾಗಿರಲಿಲ್ಲ. ಗೋಡೆಯ ಮೊಳೆಯಿಂದ ಕುಡುಗೋಲು ತೆಗೆದು, ತುಕ್ಕು ತಿಕ್ಕಿ, ಅದನ್ನು ಹಿಡಿದುಕೊಂಡು ಅವಳ ಗುಡಿಸಿಲಿಗೆ ಹೋದೆ. ‘ತಪ್ಪಾಯ್ತು ಸಣ್ಣಮ್ಮ’ ಎಂದೆ. ಅವಳು ಕುಡುಗೋಲಿನ ಬಾಯಿ ಬೆರಳಿನಿಂದ ಸವರಿ ನೋಡಿದಳು. ‘ಮೊಂಡು ಮಾಡಿ ತಂದಿದೀಯ’ ಎಂದಳು. ಆಮೇಲೆ ಕೂರು ಎಂದಳು.

ಅವಳು ಹೇಳಿದ್ದು ಇಷ್ಟು. ಜಾಲಿಮರಗಳ ಬುಡದಲ್ಲಿ ಹಕ್ಕಿಯ ಹಿಕ್ಕೆ ಬಿದ್ದು ಬಿದ್ದು ಜೊಂಡು ಬಲು ಎತ್ತರ, ಬಲು ನಯ. ಒಳ್ಳೆಯ ಚಾಪೆಗೆ ಅದೇ ಬೇಕು. ಆದ್ದರಿಂದ ಅವಳು, ಅವಳಿಗಿಂತ ಮೊದಲು ಅವಳ ಅತ್ತೆ, ಪ್ರತಿ ವರ್ಷ ಮರಗಳ ಸುತ್ತಲೇ ಬುಡಕ್ಕೆ ಕೊಯ್ಯುತ್ತಿದ್ದರು. ಬೇರು ಕಿತ್ತು ಕಿತ್ತು ಅಲ್ಲಿ ಗುಂಡಿ ಬಿದ್ದಿತ್ತು. ಕೆರೆ ತಗ್ಗಿದರೂ ಮರಗಳ ಸುತ್ತ ಕೋಟೆಯ ಕಂದಕದ ಹಾಗೆ ನೀರು ನಿಲ್ಲುತ್ತಿತ್ತು. ಬೆಕ್ಕಿಗೆ ದಾರಿ ಇರಲಿಲ್ಲ. ನಾನು ಅವಳನ್ನು ಓಡಿಸಿ ಬೆಕ್ಕಿಗೆ ಸೇತುವೆ ಕಟ್ಟಿಕೊಟ್ಟಿದ್ದೆ.

‘ಈಗ ಕೊಯ್ದರೆ ಆಗ್ತದಾ?’

‘ಆಗ್ತದೆ. ನಾನೊಬ್ಳು ಕೊಯ್ದ್ರೆ ತಿಂಗ್ಳು ಬೇಕು. ನಾಕು ದಿನದಲ್ಲಿ ಆಗ್ಬೇಕು ಅಂದ್ರೆ ಮುಯ್ಯಾಳು ಬೇಕು.’

ಮುಯ್ಯಾಳು ಎಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಿನ್ನ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀನು ಒಂದು ದಿನ ಬರಬೇಕು. ಕೂಲಿ ಇಲ್ಲ, ಬರವಣಿಗೆ ಇಲ್ಲ. ತೀರಿಸದವನ ಮನೆಗೆ ಮುಂದೆ ಯಾರೂ ಹೆಜ್ಜೆ ಇಡುವುದಿಲ್ಲ. ಅವತ್ತು ಸಂಜೆ ಸಣ್ಣಮ್ಮ ನನ್ನನ್ನು ಅರಳಿಕಟ್ಟೆಯಲ್ಲಿ ಸೇರಿದ ಊರಿನವರ ಮುಂದೆ ನಿಲ್ಲಿಸಿದಳು. ಇಲಾಖೆಯಿಂದ ಏನೂ ಸಿಗುವುದಿಲ್ಲ, ಜೊಂಡು ಕೊಯ್ಯಲು ಆರ್ಡರೂ ಇಲ್ಲ, ಮುಯ್ಯಿ ತೀರಿಸುವವನು ನಾನೊಬ್ಬನೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಖಾಕಿ ಬಿಚ್ಚಿ ನಮ್ಮ ಹೊಲಕ್ಕೆ ಇಳೀತೀರಾ?’ ಎಂದು ಯಾರೋ ನಕ್ಕರು.

‘ಇಳೀತಾನೆ. ನಾನು ಜವಾಬ್ದಾರಿ’ ಎಂದಳು ಸಣ್ಣಮ್ಮ.

ಎರಡು ವರ್ಷ ಅವಳ ಅನ್ನ ಕಿತ್ತುಕೊಂಡವನಿಗೆ ಅವಳು ಜಾಮೀನು ನಿಂತಳು. ಹತ್ತೊಂಬತ್ತು ಮನೆಯವರು ಒಪ್ಪಿದರು. ತಿಮ್ಮಯ್ಯ ತೂಬು ಮುಚ್ಚಲಿಲ್ಲ, ಆದರೆ ತನ್ನ ಮಗನನ್ನೂ ಕರೆದುಕೊಂಡು ತಾನೇ ಬಂದ.

ನಾಲ್ಕು ಬೆಳಿಗ್ಗೆ ಕೆಲಸ ನಡೆಯಿತು. ಯಜಮಾನಿಕೆ ಸಣ್ಣಮ್ಮನದು. ನೀರಿಗಿಳಿಯುವ ಮೊದಲು ಒಂದೇ ಮಾತು ಹೇಳಿದಳು: ‘ಮಾತು ಬ್ಯಾಡ. ತಲೆ ಎತ್ತಿ ಗೂಡು ನೋಡಬ್ಯಾಡಿ. ಹಕ್ಕಿಗೆ ಬೆನ್ನು ತೋರ್ಸಿದ್ರೆ ಎಮ್ಮೆ ಅನ್ಕೊಂಡು ಸುಮ್ನಿರ್ತವೆ, ಮಕ ತೋರ್ಸಿದ್ರೆ ಎದ್ಬಿಡ್ತವೆ.’ ಇಪ್ಪತ್ತಕ್ಕೂ ಹೆಚ್ಚು ಜನ ಬೆನ್ನು ಬಗ್ಗಿಸಿ ಎಮ್ಮೆಗಳ ಹಾಗೆ ಮರಗಳನ್ನು ಸುತ್ತಿದೆವು. ತಲೆಯ ಮೇಲೆ ಹಿಕ್ಕೆ ಬೀಳುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ. ಒಂದು ಹಕ್ಕಿಯೂ ಗೂಡು ಬಿಟ್ಟು ಏಳಲಿಲ್ಲ. ಬಿಸಿಲೇರುವ ಮೊದಲೇ ಮೇಲೆ ಬಂದುಬಿಡುತ್ತಿದ್ದೆವು. ನಾಲ್ಕನೆಯ ದಿನ ದಡದ ಕಡೆ ಮುಳ್ಳುಕೊಂಬೆ ಎಳೆದು ಬೇಲಿ ಹಾಕಿದೆವು. ಐದನೆಯ ಬೆಳಿಗ್ಗೆ ಕಾಡುಬೆಕ್ಕು ಬಂದು, ಹೊಸ ನೀರಿನ ಅಂಚಿನಲ್ಲಿ ಕೂತು, ಬಹಳ ಹೊತ್ತು ನಮ್ಮ ಕೆಲಸವನ್ನು ಪರಿಶೀಲಿಸಿ ಹೊರಟುಹೋಯಿತು. ನನ್ನ ಸರ್ವೀಸಿನಲ್ಲಿ ಅಷ್ಟು ಸಂತೋಷ ಕೊಟ್ಟ ಇನ್ಸ್‌ಪೆಕ್ಷನ್ ಇನ್ನೊಂದಿಲ್ಲ.

ಆಮೇಲೆ ತೀರಿಸುವ ಕಾಲ. ನಾಲ್ಕು ಬೆಳಿಗ್ಗೆಗೆ ಮನೆಗೊಂದು ದಿನ ಎಂದು ಲೆಕ್ಕ. ರಜೆಯ ದಿನ, ಹಬ್ಬದ ದಿನ, ಬೆಳಗಿನ ಬೀಟು ಮುಗಿದ ಮೇಲೆ, ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋದೆ. ನಾನು ವ್ಯಾಪಾರದ ಮನೆಯಲ್ಲಿ ಹುಟ್ಟಿದವನು, ನೇಗಿಲು ಹಿಡಿದು ಗೊತ್ತಿಲ್ಲ. ಒಬ್ಬರ ರಾಗಿ ಹೊಲದಲ್ಲಿ ಕಳೆಯನ್ನು ಬಿಟ್ಟು ರಾಗಿಯನ್ನು ಕಿತ್ತೆ. ಆ ಮನೆಯ ಯಜಮಾನ್ತಿ ಕಿತ್ತದ್ದನ್ನು ಮತ್ತೆ ನೆಡುತ್ತ ‘ಗಾರ್ಡಪ್ಪ, ನೀನು ಮುಯ್ಯಿ ತೀರಿಸ್ತಿದೀಯೋ ಹೊಸಾದು ಮಾಡ್ಕೊತಿದೀಯೋ?’ ಎಂದಳು. ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಅರ್ಧ ದಿನ ಅತ್ತೆ. ಊರೆಲ್ಲ ನೋಡಲು ಬರುತ್ತಿತ್ತು. ಹಕ್ಕಿ ಆಫೀಸಿಗೆ ಬಂದ ಜನಕ್ಕಿಂತ ನನ್ನನ್ನು ನೋಡಲು ಬಂದವರೇ ಹೆಚ್ಚು. ಆದರೆ ಮುಂದೆ ಕೆರೆಯಲ್ಲಿ ಯಾರು ಒಂದು ಬಲೆ ಬೀಸಿದರೂ ನಾನು ಬಗ್ಗಿ ದುಡಿದ ಮನೆಯವರೇ ಬಂದು ಹೇಳುತ್ತಿದ್ದರು.

ಮುಂದಿನ ಬೇಸಿಗೆ ಬಂತು, ಮರಗಳಲ್ಲಿ ಮತ್ತೆ ಮರಿಗಳಾದವು. ಕೊನೆಗೆ ಉಳಿದದ್ದು ಸಣ್ಣಮ್ಮನ ಮನೆ. ಅವಳಿಗೆ ಹೊಲವಿಲ್ಲ. ‘ಏನು ಮಾಡ್ಲಿ ಹೇಳು’ ಎಂದೆ. ‘ನನ್ನ ಕೆಲ್ಸ ಯಾವ್ದು? ಜೊಂಡು ಕೊಯ್ಯೋದು. ಒಂದಿನ ಕೊಯ್ದು ಕೊಡು’ ಎಂದಳು. ಖಾಕಿ ಬಿಚ್ಚಿಟ್ಟು, ಪಂಚೆ ಕಟ್ಟಿ, ನಾನೇ ಕಿತ್ತುಕೊಂಡಿದ್ದ ಆ ಕುಡುಗೋಲನ್ನು ಹಿಡಿದು ನೀರಿಗಿಳಿದೆ. ಎರಡು ಹೊರೆ ಆಗಿತ್ತು. ಆಗ ಏರಿಯ ಮೇಲೆ ಜೀಪಿನ ಸದ್ದು.

ಸಾಹೇಬರು ಇಳಿದರು. ಯಾರೋ ಜೊಂಡು ಕೊಯ್ಯುತ್ತಿದ್ದಾನೆಂದು ಸಿಟ್ಟಿನಿಂದ ಮುಂದೆ ಬಂದರು. ಆಮೇಲೆ ಆ ಯಾರೋ ನಾನು ಎಂದು ಗುರುತು ಸಿಕ್ಕಿತು. ‘ರುದ್ರಪ್ಪ, ಏನ್ರೀ ಇದು? ಮೇಲೆ ಬನ್ನಿ.’ ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು, ಆ ಸಂಬಳ ಬಿಟ್ಟರೆ ಬೇರೆ ಇಲ್ಲ.

ನಾನು ಏಳುವ ಮೊದಲೇ ಸಣ್ಣಮ್ಮ ಏರಿಯ ಮೇಲೆ ಹೋಗಿ ಕೈಮುಗಿದು ನಿಂತಳು. ‘ಬುದ್ಧಿ, ಅವನು ಇವತ್ತು ನನ್ನ ಮುಯ್ಯಾಳು. ಮುಯ್ಯಾಳನ್ನ ನಡು ಕೆಲ್ಸದಾಗೆ ಕರೀಬಾರ್ದು. ಉಂಬೋ ಹೊತ್ತಿಗೆ ಬಿಡ್ತೀನಿ, ಆವಾಗ ಬೈಯಿರಿ.’

ಸಾಹೇಬರು ಅವಳನ್ನು ನೋಡಿದರು. ಅವರೂ ಬಯಲುಸೀಮೆಯ ರೈತರ ಮನೆಯವರು ಎಂದು ನನಗೆ ಆಮೇಲೆ ತಿಳಿಯಿತು. ಅಟ್ಟಣೆ ಹತ್ತಿದರು. ಮಧ್ಯಾಹ್ನದವರೆಗೆ ಅಲ್ಲೇ ಕೂತು, ಬೂಷ್ಟು ಹಿಡಿದ ದುರ್ಬೀನಿನಲ್ಲಿ, ಮರಗಳ ಸುತ್ತಲಿನ ನೀರನ್ನೂ ರೆಕ್ಕೆ ಬಡಿದು ಅಭ್ಯಾಸ ಮಾಡುತ್ತಿದ್ದ ಮರಿಗಳನ್ನೂ ನೋಡಿದರು. ಊಟದ ಹೊತ್ತಿಗೆ ನಾನು ಮೇಲೆ ಬಂದು ಎಲ್ಲ ಹೇಳಿದೆ. ಕೇಳಿ, ‘ಆರ್ಡರ್ ನನ್ನದು ರುದ್ರಪ್ಪ. ಮೀರಿದ್ದಕ್ಕೆ ಹೇಳಿಕೆ ಬರೆದುಕೊಡಲೇಬೇಕು. ಜೀಪು ಹತ್ತಿ’ ಎಂದರು.

ಹೇಳಿಕೆ ಬರೆದೆ. ಒಂದು ಇನ್‌ಕ್ರಿಮೆಂಟು ನಿಂತಿತು. ತಿಂಗಳಲ್ಲಿ ಕೆಮ್ಮಣ್ಣುಗುಂಡಿಯ ಕಡೆಗೆ ವರ್ಗವಾಯಿತು. ಆದರೆ ಅದೇ ವರ್ಷ ಹಿರೇಕೆರೆಗೆ ಹೊಸ ಆರ್ಡರ್ ಹೋಯಿತು: ಮರಗಳ ಸುತ್ತಲಿನ ಜೊಂಡನ್ನು ಪ್ರತಿ ವರ್ಷ ಊರಿನ ಚಾಪೆಯವರೇ ಕೊಯ್ಯಬೇಕು, ಹೇಗೆಂದು ಅವರನ್ನೇ ಕೇಳಬೇಕು. ಅದರ ಕೆಳಗೆ ಸಾಹೇಬರ ಸಹಿ. ಅವರು ಒಳ್ಳೆಯವರೆಂದು ಮೊದಲೇ ಹೇಳಿದೆನಲ್ಲ.

ಆಮೇಲೆ ಎಷ್ಟೋ ಬದಲಾಯಿತು. ಕೇಂದ್ರಕ್ಕೆ ಎರಡು ಕಣ್ಣೂ ಕಾಣುವ ದುರ್ಬೀನು ಬಂತಂತೆ, ಕನ್ನಡದ ಚಾರ್ಟು ಬಂತಂತೆ. ಹೊಸಬರು ತರಬೇತಿ ಮುಗಿಸಿ, ಹಕ್ಕಿಯ ಹೆಸರೆಲ್ಲ ಕಲಿತು ಬರುತ್ತಾರೆ. ಒಳ್ಳೆಯದೇ. ನಾನು ಅವರಿಗೆ ಹೇಳುವುದು ಒಂದೇ: ಯಾರ ಕೈಯಿಂದಾದರೂ ಕುಡುಗೋಲು ಕಿತ್ತುಕೊಳ್ಳುವ ಮೊದಲು ಅವರು ಅಲ್ಲೇ ಏಕೆ ಕೊಯ್ಯುತ್ತಿದ್ದಾರೆಂದು ಒಂದು ಮಾತು ಕೇಳಿ.

ಎಂಬತ್ತರ ದಶಕದ ನಡುವಿನಲ್ಲಿ ನಿವೃತ್ತನಾದೆ. ಹಾರ ಹಾಕಿದರು, ಭಾಷಣ ಮಾಡಿದರು, ಹುಲಿಯ ಕಥೆ ಹೇಳಿ ಎಂದರು. ನನಗೆ ನೆನಪಾದದ್ದು ಸಾಹೇಬರು ಜೀಪು ಹತ್ತಿಸಿದ ಆ ಮಧ್ಯಾಹ್ನ. ಎಲ್ಲರ ಮನೆಯದೂ ತೀರಿತ್ತು, ಸಣ್ಣಮ್ಮನದು ಅರ್ಧ ದಿನ ಉಳಿದುಬಿಟ್ಟಿತ್ತು. ಮುಂದಿನ ವಾರವೇ ಅಜ್ಜಂಪುರದಲ್ಲಿ ಬಸ್ಸು ಇಳಿದು ಹೋದೆ.

ಸಣ್ಣಮ್ಮ ಬಾಗಿಲಲ್ಲಿ ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಒಳಗೆ ಸೊಸೆ ಚಾಪೆ ಹೆಣೆಯುತ್ತಿದ್ದಳು. ‘ಸಣ್ಣಮ್ಮ, ನಾನು’ ಎಂದೆ.

ಅವಳು ತಲೆ ಎತ್ತಲಿಲ್ಲ. ‘ಗೊತ್ತಾಯ್ತು ಕಣಪ್ಪ. ಉಂಡಾದ ಮ್ಯಾಲಿಂದು ಬಾಕಿ ಐತೆ’ ಎಂದಳು. ಸೊಸೆ ಎದ್ದು ಒಂದು ಮಾತೂ ಕೇಳದೆ ಸೂರಿನಿಂದ ಕುಡುಗೋಲು ತೆಗೆದು ನನ್ನ ಕೈಗಿಟ್ಟಳು. ಅದೇ ಕುಡುಗೋಲು. ಹಿಡಿ ಹೊಸದು.

ಮುದ್ದೆ ಉಂಡು ನೀರಿಗಿಳಿದೆ. ಸಣ್ಣಮ್ಮ ಸೊಸೆಯ ಕೈ ಹಿಡಿದು ಬಂದು ಏರಿಯ ಮೇಲೆ ಕೂತಳು. ಜಾಲಿಮರಗಳ ಸುತ್ತ ನೀರು ಕಪ್ಪಗೆ, ಆಳವಾಗಿ ನಿಂತಿತ್ತು. ಅದರ ಅಂಚಿನಲ್ಲಿ ಕೊಯ್ದೆ. ತಲೆಯ ಮೇಲೆ ಮರಿಗಳು ಕಿರುಚುತ್ತಿದ್ದವು. ನಾನು ತಲೆ ಎತ್ತಲಿಲ್ಲ, ಹಕ್ಕಿಗೆ ಬೆನ್ನೇ ತೋರಿಸಿದೆ. ಸೊಂಟ ಹಿಡಿದುಕೊಂಡಿತು, ಕೈ ಬೊಬ್ಬೆ ಬಂತು, ಆದರೂ ಇವತ್ತು ಪೂರ್ತಿ ತೀರಿಸಿಯೇ ಏಳಬೇಕೆಂದು ಹಟ.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ‘ಸಾಕು, ಎದ್ದು ಬಾ’ ಎಂದಳು ಸಣ್ಣಮ್ಮ.

‘ಇನ್ನೂ ಬಿಸಿಲಿದೆ ಸಣ್ಣಮ್ಮ. ಇನ್ನೊಂದು ಹೊರೆ ಆದರೆ ತೀರುತ್ತೆ.’

‘ಅದಕ್ಕೇ ಏಳು ಅಂದಿದ್ದು. ಪೂರ್ತಿ ತೀರಿಸ್ಬಿಟ್ರೆ ನಿಂಗೆ ಈ ಊರಿಗೆ ಬರಕ್ಕೆ ಇನ್ನೇನು ಕೆಲ್ಸ ಐತೆ?’

ನಾನು ಕೊಯ್ದದ್ದನ್ನು ಹೊರೆ ಕಟ್ಟಿದೆ. ಆಮೇಲೆ ಮೇಲೆ ಬಂದು, ಹೊರೆಗಳನ್ನು ಅವಳ ಅಂಗಳದಲ್ಲಿ ಹರಡಿ, ಕುಡುಗೋಲನ್ನು ತೊಳೆದು ಮತ್ತೆ ಅವಳ ಸೂರಿಗೆ ಸಿಕ್ಕಿಸಿ ಬಂದೆ.